ಅಂಗೈ ಗೆರೆ ಕಾಣುವ ತನಕ

ನಮ್ಮ ಆಯಿಯ ತಲೆಯ ಮೇಲೆ ಈಗ ಒಂದು ಹೊಸ ಟೊಪ್ಪಿಗೆ ಬಂದಿದೆ. ಆಯಿ ಅಂದರೆ ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪನ ತಾಯಿ. ಟೊಪ್ಪಿಗೆ ಕಂದು ಬಣ್ಣದ ದಪ್ಪ ಉಣ್ಣೆಯದು, ನೆತ್ತಿಯ ಮೇಲೆ ಕೆಂಪು ಗೊಂಡೆ, ಎರಡೂ ಮಗ್ಗುಲಿಗೆ ಒಂದೊಂದು ಸೀಳು. ಆ ಸೀಳುಗಳಿಂದ ಆಯಿಯ ಕಿವಿಗಳು ಓಲೆಯ ಸಮೇತ ಹೊರಗೆ ಬಂದು ಕೂತಿರುತ್ತವೆ. ಈ ಥಂಡಿ ದಿನಗಳಲ್ಲಿ ಬೆಳಿಗ್ಗೆ ಅದನ್ನು ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತರೆ, ಹೊಲಕ್ಕೆ ಹೋಗುವವರು ನಿಂತು ನೋಡಿ ಎಲ್ಲಿ ಸಿಕ್ಕಿತೆಂದು ವಿಚಾರಿಸುತ್ತಾರೆ. ಮೊಮ್ಮಗ ಪರದೇಶದಿಂದ ತಂದದ್ದು ಎಂದು ಆಯಿ ಗಂಭೀರವಾಗಿ ಹೇಳುತ್ತಾಳೆ. ನಾನು ಒಳಗೆ ಚಹಾ ಕುಡಿಯುತ್ತ ಸುಮ್ಮನಿರುತ್ತೇನೆ. ಯಾಕೆಂದರೆ ಅದು ಟೊಪ್ಪಿಗೆಯೇ ಅಲ್ಲ, ಚಹಾದ ಕಿಟಲಿಗೆ ತೊಡಿಸುವ ಅಂಗಿ. ಒಂದು ಸೀಳು ಕಿಟಲಿಯ ಮೂತಿಗೆ, ಇನ್ನೊಂದು ಹಿಡಿಕೆಗೆ.

ನಾನು ಪರದೇಶದಿಂದ ನಮ್ಮೂರು ಜುಗೂಳಕ್ಕೆ ತಿರುಗಿ ಬಂದ ದಿನ ನಡುಮನೆಯಲ್ಲಿ ಬ್ಯಾಗು ಬಿಚ್ಚುವ ಕಾರ್ಯಕ್ರಮ ನಡೆಯಿತು. ಅಧ್ಯಕ್ಷತೆ ಕಾಕುವಿನದು. ಕಾಕು ನನ್ನ ಚಿಕ್ಕಪ್ಪನ ಹೆಂಡತಿ. ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದವಳು, ಅದಕ್ಕೇ ಏನೋ ಯಾವ ವಸ್ತು ಕೈಗೆ ಬಂದರೂ ಮೊದಲು ಮೂಸಿ ನೋಡುತ್ತಾಳೆ. ಚಾಕಲೇಟು ಮೂಸಿದಳು, ಸಾಬೂನು ಮೂಸಿದಳು, ನಾನು ತೊಳೆಯದೆ ತಂದಿದ್ದ ಕಾಲುಚೀಲವನ್ನೂ ಮೂಸಿ, ತಪ್ಪು ಮಾಡಿದೆನೆಂದು ಮುಖ ಮಾಡಿದಳು. ಕೊನೆಗೆ ಈ ಉಣ್ಣೆಯ ವಸ್ತು ಸಿಕ್ಕಿತು. ಕುರಿ ಖರೆಯದೇ ಎಂದು ತೀರ್ಪು ಕೊಟ್ಟು, ಇದು ಕೂಸಿನ ಕುಂಚಿಗೆಯೇ ಸೈ ಎಂದು ತನ್ನ ಮೊಮ್ಮಗನ ತಲೆಗೆ ಹಾಕಿದಳು. ಅದು ಮೂಗಿನ ತನಕ ಇಳಿದು ಕೂಸು ಕಿರುಚಿತು. ಆಗ ಆಯಿ ಕೈ ಚಾಚಿ ತೆಗೆದುಕೊಂಡು ತನ್ನ ತಲೆಗೆ ಹಾಕಿಕೊಂಡಳು. ಅಳತೆ ತೆಗೆದು ಹೆಣೆದ ಹಾಗೆ ಕೂತಿತು.

ನಾನು ತಡೆಯಲಾರದೆ ಅದು ಕಿಟಲಿಗೆ ಹಾಕುವುದು, ಥಂಡಿಗೆ ಚಹಾ ಆರಬಾರದೆಂದು, ಅಂತ ಹೇಳಿಬಿಟ್ಟೆ. ಆಯಿ ಟೊಪ್ಪಿಗೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

"ಕಿಟ್ಲಿಗಿ ಎಂಥಾ ಥಂಡಿ ಲೇ, ಸನ್ಮತ್ಯಾ? ಅದರ ಹೊಟ್ಟ್ಯಾಗ ಬಿಸಿ ಚಾ ಇರತೈತಿ. ನನ್ನ ಹೊಟ್ಟ್ಯಾಗೇನೈತಿ?"

ನರ್ಸಿಂಗ್ ಪದವಿ ಪಡೆದ ನಾನು ಬ್ಯಾಗಿನ ಉಳಿದ ಸಾಮಾನು ತೆಗೆಯತೊಡಗಿದೆ. ಟೊಪ್ಪಿಗೆ ಅಂದಿನಿಂದ ಆಯಿಯದೇ ಆಯಿತು.

ಹೌದು, ನಾನು ನರ್ಸು. ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವನು, ಕರಾರಿನ ಮೇಲೆ ಸ್ಕಾಟ್ಲೆಂಡಿನ ಉತ್ತರದ ತುದಿಗೆ ಹೋಗಿ, ಸಮುದ್ರದ ದಂಡೆಯ ಸಣ್ಣದೊಂದು ಊರಿನಲ್ಲಿ ವಯಸ್ಸಾದವರ ಆರೈಕೆಯ ಮನೆಯಲ್ಲಿ ದುಡಿದು, ಕರಾರು ಮುಗಿಸಿ ಈಗ ಬಂದಿದ್ದೇನೆ. ಪರದೇಶದಿಂದ ಬಂದವನನ್ನು ನಮ್ಮ ಜನ ಸುಮ್ಮನೆ ಬಿಡುವುದಿಲ್ಲ. ಕಾಗವಾಡದ ಚಹಾದಂಗಡಿಯಲ್ಲಿ ಒಂದು ವಿಚಾರಣೆ, ಬಸ್ಸಿನಲ್ಲಿ ಒಂದು ವಿಚಾರಣೆ, ಬಸದಿಯ ಮೆಟ್ಟಿಲ ಮೇಲೆ ಒಂದು. ಅಲ್ಲಿ ಏನು ಉಂಡಿ, ಬರ್ಫ ಎಷ್ಟು ಬೀಳುತ್ತದೆ, ಮುದುಕರನ್ನು ಅವರ ಮಕ್ಕಳು ನೋಡುವುದಿಲ್ಲವಂತೆ ಖರೆಯೇ. ಚಿಕ್ಕೋಡಿಯ ನರ್ಸಿಂಗ್ ಕಾಲೇಜಿನವರಂತೂ ನನ್ನ ಕೊರಳಿಗೆ ಹಾರ ಹಾಕಿ, ನಿಮ್ಮ ಅನುಭವ ಹೇಳಿ ಎಂದು ವೇದಿಕೆಯ ಮೇಲೆ ನಿಲ್ಲಿಸಿದರು. ರೋಗಿಯನ್ನು ಎತ್ತುವ ಯಂತ್ರದ ಬಗ್ಗೆ, ಕೈ ತೊಳೆಯುವ ಕ್ರಮದ ಬಗ್ಗೆ ಅರ್ಧ ತಾಸು ಮಾತಾಡಿದೆ. ಮುಂದಿನ ಸಾಲಿನ ಹುಡುಗಿ ಆಕಳಿಸಿದಳು. ತಪ್ಪು ಅವಳದಲ್ಲ, ನನಗೇ ಆಕಳಿಕೆ ಬರುತ್ತಿತ್ತು. ನಾನು ಹೇಳಬೇಕೆಂದಿದ್ದದ್ದು ಬೇರೆಯೇ ಇತ್ತು, ಅದು ವೇದಿಕೆಯ ಮೇಲೆ ಹೇಳುವಂಥದ್ದಾಗಿರಲಿಲ್ಲ. ನಿಮ್ಮೆದುರು ಹೇಳಬಹುದು, ನೀವು ಹಾರ ಹಾಕಿಲ್ಲ.

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ನಾವು ಜೈನರು, ಕೃಷ್ಣೆಯ ದಂಡೆಯ ಮೇಲೆ ಕಬ್ಬು ಬೆಳೆಯುವವರು. ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಟಾಟೆ ಬಿಡುವ ವಿಷಯದಲ್ಲಿ ನಮ್ಮ ಮನೆ ಅಷ್ಟೇನೂ ಬಿಗಿಯಲ್ಲ. ಪರ್ಯೂಷಣದ ವ್ರತದ ದಿನಗಳಲ್ಲಿ ಬಿಟ್ಟರಾಯಿತು. ಆದರೆ ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಇಲ್ಲ ಎಂಬ ವಿಷಯದಲ್ಲಿ ಆಯಿಯ ಹತ್ತಿರ ಯಾರ ಆಟವೂ ನಡೆಯುವುದಿಲ್ಲ. ಮನೆಯಲ್ಲಿ ಗಡಿಯಾರ ಇರಲಿಲ್ಲವೆಂದಲ್ಲ. ಗೋಡೆಯ ಮೇಲೆ ಅಜ್ಜನ ಕಾಲದ ದೊಡ್ಡ ಗಡಿಯಾರವೇ ಇತ್ತು. ಗಡಿಯಾರಕ್ಕೆ ಕೀಲಿ ಕೊಡುವವರು ಮನುಷ್ಯರು, ಅವರು ಮರೆಯುತ್ತಾರೆ ಎಂದು ಆಯಿ ಅದನ್ನು ನಂಬುತ್ತಿರಲಿಲ್ಲ. ಆಯಿಯ ಲೆಕ್ಕ ಅಂಗೈಯದು. ಅಂಗಳದಲ್ಲಿ ನಿಂತು ಅಂಗೈಯನ್ನು ಮುಖದ ಮುಂದೆ ಹಿಡಿಯಬೇಕು. ಗೆರೆ ಕಂಡರೆ ಉಣ್ಣಬಹುದು. ಕಾಣದಿದ್ದರೆ ಅಂದಿನ ಊಟದ ಕಥೆ ಮುಗಿಯಿತು.

ನಾನು ಹೊಳೆಯ ದಂಡೆಯಲ್ಲಿ ಆಡಲು ಹೋದರೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ಓಡುತ್ತ ಬರುವಾಗ ಎಲ್ಲರ ಮನೆಯ ಗೋಡೆ ಕಂದಿ ಹೋಗಿರುತ್ತಿತ್ತು. ನಮ್ಮಪ್ಪ ಉಂಡು ಕೈ ತೊಳೆದು ಕೂತು, ಇವನಿಗೆ ಇವತ್ತು ಉಪವಾಸವೇ ಆಗಲಿ, ಬುದ್ಧಿ ಬರುತ್ತದೆ ಎನ್ನುತ್ತಿದ್ದ. ಆಯಿ ನನ್ನ ಕೈಗೆ ನೀರು ಹಾಕಿ, ಕೆಸರು ತೊಳೆದು, ನನ್ನ ಅಂಗೈಯನ್ನು ಬಾಗಿಲಿನ ಹೊರಗೆ ಪಡುವಣಕ್ಕೆ ಹಿಡಿದು, ಬಗ್ಗಿ ಬಗ್ಗಿ ನೋಡುತ್ತಿದ್ದಳು. ನನಗೆ ನನ್ನ ಕೈಯೇ ಕಾಣುತ್ತಿರಲಿಲ್ಲ, ಇನ್ನು ಗೆರೆ ಎಲ್ಲಿಯದು.

"ಇಲ್ಲೊಂದ ಕಾಣತೈತಿ ನೋಡ. ಉಣ್ಣು, ಲಗೂನ ಉಣ್ಣು."

ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾನು ಕತ್ತಲೆಯ ಜೊತೆ ಪಂದ್ಯ ಕಟ್ಟಿ ನುಂಗುತ್ತಿದ್ದೆ. ಹೊಲದಿಂದ ತಡವಾಗಿ ಬಂದ ಅಪ್ಪನಿಗೆ ಇಂಥ ಗೆರೆ ಎಂದೂ ಸಿಕ್ಕಿದ್ದಿಲ್ಲ. ಆಯಿಯ ಕಣ್ಣು ಯಾರ ಅಂಗೈಯ ಮೇಲೆ ಎಷ್ಟು ಚುರುಕಾಗಬೇಕೆಂಬುದು ಆಯಿಗೆ ಬಿಟ್ಟದ್ದಾಗಿತ್ತು. ಮಳೆಗಾಲದಲ್ಲಿ ಮೋಡ ಮುಸುಕಿ ದಿನವಿಡೀ ಹೊತ್ತೇ ಕಾಣದಿದ್ದಾಗ ಮಾತ್ರ ಅಂಗೈಯೂ ನಡೆಯುತ್ತಿರಲಿಲ್ಲ. ಆಗ ಪಕ್ಕದ ಮನೆಯ ಕೋಳಿಗಳೇ ಗತಿ. ಅವು ಬುಟ್ಟಿಯೊಳಗೆ ಸೇರಿದವೆಂದರೆ ನಮ್ಮ ರೊಟ್ಟಿಯ ಬುಟ್ಟಿಗೂ ಮುಚ್ಚಳ. ಕೋಳಿಯನ್ನು ಮುಟ್ಟದ ಮನೆಯವರು ಕೋಳಿಯ ಮಾತು ಕೇಳಿ ಉಣ್ಣುತ್ತೇವೆಂದು ಪಕ್ಕದ ಮನೆಯವರು ನಗುತ್ತಿದ್ದರು.

ಒಮ್ಮೆ ರಾಯಬಾಗದಲ್ಲಿ ನಮ್ಮ ಚಿಕ್ಕಪ್ಪನ ಮಗನ ಮದುವೆ. ನಾವು ಗಂಡಿನ ಕಡೆಯವರು, ಠೀವಿಯಿಂದ ಬಸ್ಸು ಮಾಡಿಕೊಂಡು ಹಿಂದಿನ ದಿನ ಹೊರಟೆವು. ಸಕ್ಕರೆ ಕಾರಖಾನೆ ಸುರುವಾಗಿತ್ತು. ಎರಡೆರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ, ಒಂದೊಂದರ ಹಿಂದೆಯೂ ನಮ್ಮ ಬಸ್ಸು ಕಾಯುತ್ತ ನಿಂತಿತು. ಹೊತ್ತು ಇಳಿಯತೊಡಗಿತು. ಬಸ್ಸಿನೊಳಗೆ ಕಿಟಕಿಗೊಂದರಂತೆ ಅಂಗೈಗಳು ಹೊರಗೆ ಬಂದವು. ರಾಯಬಾಗ ಮುಟ್ಟಿದಾಗ ಕಲ್ಯಾಣ ಮಂಟಪದ ಬಾಗಿಲಲ್ಲಿ ಹೆಣ್ಣಿನವರು ಆರತಿ ಹಿಡಿದು, ಬ್ಯಾಂಡಿನವರು ಕಹಳೆ ಹಿಡಿದು ನಿಂತಿದ್ದರು. ನಮ್ಮವರು ಬಸ್ಸಿನಿಂದ ಇಳಿದವರೇ ಆರತಿಯನ್ನೂ ಬ್ಯಾಂಡನ್ನೂ ದಾಟಿ ನೆಟ್ಟಗೆ ಪಂಕ್ತಿಗೆ ಹೋಗಿ ಕೂತರು. ಎಲ್ಲರಿಗಿಂತ ಮುಂದೆ ಮದುಮಗ. ಬೇರೆ ರೂಢಿಯ ಬೀಗರಾಗಿದ್ದರೆ ಅಲ್ಲೇ ಸಂಬಂಧ ಮುರಿಯುತ್ತಿತ್ತು. ಆದರೆ ಹೆಣ್ಣಿನ ತಂದೆ ಒಂದು ಸಲ ಆಕಾಶ ನೋಡಿದವನು, ಆರತಿ ಕೆಳಗಿಡಲು ಹೇಳಿ, ತಾನೇ ಹುಗ್ಗಿಯ ಬಕೆಟ್ಟು ಹಿಡಿದುಕೊಂಡು ಓಡಿ ಬಂದ. ಎದುರುಗೊಳ್ಳುವ ಶಾಸ್ತ್ರ ದೀಪದ ಬೆಳಕಿನಲ್ಲಿ, ಎಲ್ಲರೂ ತೇಗಿದ ಮೇಲೆ ನಡೆಯಿತು.

ಇಂಥ ಮನೆಯಿಂದ ನಾನು ಸ್ಕಾಟ್ಲೆಂಡಿಗೆ ಹೊರಟೆ. ಅವ್ವ ಅತ್ತಳು, ಅಪ್ಪ ಬೆಚ್ಚಗಿರು ಎಂದ, ಕಾಕು ನನ್ನ ಪಾಸ್‌ಪೋರ್ಟು ಮೂಸಿದಳು. ಆಯಿ ಒಂದೇ ಒಂದು ಕರಾರು ಹಾಕಿದಳು. ಏನು ಬೇಕಾದರೂ ಉಡು, ಯಾರ ಸೇವೆ ಬೇಕಾದರೂ ಮಾಡು, ಹೊತ್ತು ಮುಳುಗಿದ ಮೇಲೆ ಮಾತ್ರ ಉಣ್ಣಬೇಡ. ನೀರಿಗೆ ರಿಯಾಯಿತಿ ಕೊಟ್ಟಳು. ನಾನು ಹೂಂ ಎಂದೆ. ಇಲ್ಲಿ ಮುಳುಗುವ ಹೊತ್ತು ಅಲ್ಲಿಯೂ ಮುಳುಗಲೇಬೇಕಲ್ಲ, ಅದರಲ್ಲೇನು ದೊಡ್ಡದು ಅಂದುಕೊಂಡಿದ್ದೆ. ಭೂಗೋಳದಲ್ಲಿ ನಾನು ಎಂದೂ ಹುಷಾರಿದ್ದವನಲ್ಲ.

ಹೋಗಿ ಇಳಿದದ್ದು ಜೂನ್ ತಿಂಗಳಲ್ಲಿ. ಅಲ್ಲಿಯ ಹೊತ್ತಿಗೆ ಮುಳುಗುವ ಬುದ್ಧಿಯೇ ಇರಲಿಲ್ಲ. ಏಳಾಯಿತು, ಎಂಟಾಯಿತು, ಹತ್ತಾದರೂ ಸಮುದ್ರದ ಮೇಲೆ ಕೂತು ನನ್ನನ್ನು ನೋಡುತ್ತಿತ್ತು. ಮುಳುಗಿದ ಮೇಲೂ ಬೆಳಕು ಹೋಗುತ್ತಿರಲಿಲ್ಲ. ಆಯಿಗೆ ಇದನ್ನು ಹೇಳಿದರೆ, ಊಟದ ಆಸೆಗೆ ಮೊಮ್ಮಗ ಸುಳ್ಳು ಕಲಿತನೆಂದು ತಿಳಿದಳು. ಕೊನೆಗೆ ಒಂದು ದಿನ ಆಯಿ ನಸುಕಿನಲ್ಲಿ ಎದ್ದು ಜಪಕ್ಕೆ ಕೂರುವ ಮೊದಲು ಫೋನು ಹಚ್ಚಿದಾಗ, ನಾನು ಕಿಟಕಿಯ ಹತ್ತಿರ ನಿಂತು ದೀಪ ಆರಿಸಿ ಅಂಗೈ ತೋರಿಸಿದೆ. ಇಲ್ಲಿ ಮರುದಿನ ಸುರುವಾಗಿತ್ತು, ಅಲ್ಲಿ ಹಿಂದಿನ ದಿನದ ಬೆಳಕು ಇನ್ನೂ ಉಳಿದಿತ್ತು, ಅಂಗೈ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಯಿ ಬಹಳ ಹೊತ್ತು ನೋಡಿದಳು. ಆಮೇಲೆ ಊಟದ ಮಾತು ಬಿಟ್ಟು, ಹಾಗಾದರೆ ನೀನು ಮಲಗುವುದು ಯಾವಾಗ ಎಂದು ಕೇಳಿದಳು.

ಥಂಡಿ ಬಂದದ್ದೇ ಲೆಕ್ಕ ತಿರುಗಾಮುರುಗಾ ಆಯಿತು. ಬೆಳಗಾಯಿತೆಂದು ಮುಖ ತೊಳೆದುಕೊಳ್ಳುವುದರೊಳಗೆ ಸಂಜೆ. ಮಧ್ಯಾಹ್ನ ಮೂರು ದಾಟಿತೆಂದರೆ ಹೊತ್ತು ಕೆಳಗೆ. ನಾನು ಮಧ್ಯಾಹ್ನದ ಊಟವನ್ನು ಬಿಟ್ಟು, ಮೂರಕ್ಕೆ ಮೊದಲೇ ರಾತ್ರಿಯ ಊಟ ಮಾಡಬೇಕಾಯಿತು. ನಮ್ಮ ಪಾಳಿಯ ಮೇಲಿನವಳು ಒಳ್ಳೆಯ ಹೆಂಗಸು. ನನ್ನ ಧರ್ಮಸಂಕಟ ಕೇಳಿ, ಆ ಹೊತ್ತಿಗೆ ಊಟದ ಕೋಣೆ ಖಾಲಿ ಇರುತ್ತದೆ, ಅಲ್ಲಿ ಮೂಲೆಯಲ್ಲಿ ಕೂತು ಉಂಡುಕೋ ಎಂದಳು. ಖಾಲಿ ಎಂದಳಲ್ಲ, ಪೂರಾ ಖಾಲಿ ಇರಲಿಲ್ಲ. ಪಡುವಣ ಕಿಟಕಿಯ ಹತ್ತಿರ ಎಲ್ಸಿ ಅಜ್ಜಿ ಕೂತಿರುತ್ತಿದ್ದಳು.

ಎಲ್ಸಿಯ ಗಂಡ ಮೀನುಗಾರ. ಸಮುದ್ರ ಅವನನ್ನು ಏನೂ ಮಾಡಲಿಲ್ಲ, ವಯಸ್ಸಾಗಿ ಮನೆಯಲ್ಲೇ ತೀರಿಕೊಂಡಿದ್ದ. ಅದಾದ ಮೇಲೆ ಎಲ್ಸಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಎಲುಬು ಕೂಡಿತು, ಆದರೆ ಎಲ್ಸಿ ಉಣ್ಣುವುದು ಬಿಟ್ಟಳು. ಹಟವಲ್ಲ, ಜಗಳವಲ್ಲ. ತಾಟು ಮುಂದಿಟ್ಟರೆ ಬಹಳ ಛಲೋ ಇದೆ ಎಂದು ಹೊಗಳಿ, ಚಮಚವನ್ನು ಮುಟ್ಟದೆ ಹಾಗೆಯೇ ಮುಂದಕ್ಕೆ ಸರಿಸುತ್ತಿದ್ದಳು. ನಮ್ಮ ಪಾಳಿಯಲ್ಲಿದ್ದ ಕೇರಳದ ನರ್ಸು ಜೆಸ್ಸಿ ಚಮಚದಲ್ಲಿ ತಿನ್ನಿಸಲು ನೋಡಿದಳು, ಅಡಿಗೆಯವನು ಎಲ್ಸಿಯ ಊರಿನ ಮೀನಿನ ಸಾರು ಮಾಡಿದ, ಡಾಕ್ಟರು ಔಷಧ ಬದಲಿಸಿದರು. ಎಲ್ಸಿ ಎಲ್ಲರಿಗೂ ಧನ್ಯವಾದ ಹೇಳುತ್ತ ತೆಳ್ಳಗಾಗುತ್ತ ಹೋದಳು. ಹೀಗೇ ಆದರೆ ಈ ಥಂಡಿಯನ್ನು ಇವಳು ದಾಟುವುದಿಲ್ಲವೆಂದು ಡಾಕ್ಟರು ನಮ್ಮೆದುರು ಹೇಳಿದ್ದರು. ನನ್ನ ಕೆಲಸದಲ್ಲಿ ಗಾಯ ತೊಳೆಯುವುದು ಸುಲಭ. ನೋವಿಲ್ಲದೆ, ಸಿಟ್ಟಿಲ್ಲದೆ, ನಗುನಗುತ್ತ ಉಣ್ಣದೆ ಕೂತವರ ಮುಂದೆ ಏನು ಮಾಡಬೇಕೆಂದು ಯಾವ ತರಗತಿಯಲ್ಲಿಯೂ ಕಲಿಸಿರಲಿಲ್ಲ.

ಒಂದು ದಿನ ನಾನು ಮೂಲೆಯಲ್ಲಿ ಡಬ್ಬಿ ಬಿಚ್ಚಿದೆ. ಚಪಾತಿ, ಊರಿನಿಂದ ಒಯ್ದಿದ್ದ ಶೇಂಗಾ ಚಟ್ನಿ. ರೂಢಿಯಂತೆ ಎದ್ದು ಕಿಟಕಿಗೆ ಹೋಗಿ ಅಂಗೈ ನೋಡಿದೆ. ಎಲ್ಸಿ ನನ್ನನ್ನೇ ನೋಡುತ್ತಿದ್ದಳು. ಭವಿಷ್ಯ ನೋಡಿಕೊಳ್ಳುತ್ತಿದ್ದೀಯೇನು ಎಂದು ಕೇಳಿದಳು. ಇಲ್ಲಿ ಒಂದು ಮಾತು. ಎಲ್ಸಿಯ ಇಂಗ್ಲಿಷು ಪುಸ್ತಕದ ಇಂಗ್ಲಿಷಲ್ಲ. ಲಂಡನ್ನಿನವರಿಗೆ ಅರ್ಥವಾಗದ, ಶಬ್ದಗಳ ಬಾಲ ಕಡಿದ, ನಮ್ಮ ಕನ್ನಡವನ್ನು ಬೆಂಗಳೂರಿನವರು ಕೇಳಿ ಹುಬ್ಬೇರಿಸುತ್ತಾರಲ್ಲ ಅಂಥ ಇಂಗ್ಲಿಷು. ಆದ್ದರಿಂದ ಅವಳ ಮಾತನ್ನು ನಮ್ಮ ಜುಗೂಳದ ಮಾತಿನಲ್ಲಿಯೇ ಹೇಳುತ್ತೇನೆ, ಅದೇ ಹೆಚ್ಚು ಖರೆ ಅನಿಸುತ್ತದೆ.

ನಾನು ಆಯಿಯ ಕರಾರು, ಅಂಗೈ, ಗೆರೆ ಎಲ್ಲ ಹೇಳಿದೆ. ಎಲ್ಸಿ ಕಿಟಕಿಯ ಕಡೆ ತಿರುಗಿದಳು.

"ನನ್ನ ಗಂಡನೂ ಹಿಂಗ. ಬೆಳಕ ಇರತನಾ ದಂಡಿಗಿ ಬಂದಬಿಡಾಂವ. ದೋಣಿ ಕಂಡ ಮ್ಯಾಲ ನಾ ಸಾರಿನ ಗಡಗಿ ಇಳಸಾಕಿ. ಇಬ್ಬರೂ ಕೂಡಿ ಉಣ್ಣಾವರು. ಒಬ್ಬಾಕಿನ ಉಂಡಿದ್ದ ನನಗ ನೆನಪಿಲ್ಲ."

ಅಷ್ಟು ಹೇಳಿ, ಕಂಬಳಿಯೊಳಗಿಂದ ಕೈ ತೆಗೆದು, ತನ್ನ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಗೆರೆ ಇನ್ನೂ ಕಾಣುತ್ತವೆ ಎಂದಳು. ನಾನು ಅಡಿಗೆಮನೆಗೆ ಓಡಿದೆ. ರಾಯಬಾಗದ ಬೀಗರು ಹುಗ್ಗಿಯ ಬಕೆಟ್ಟು ಹಿಡಿದು ಓಡಿದ್ದಕ್ಕಿಂತ ಜೋರಾಗಿ ಓಡಿರಬೇಕು, ಅಡಿಗೆಯವನು ಬೆಂಕಿ ಬಿತ್ತೇನೋ ಎಂದು ಗಾಬರಿಯಾದ. ಬಿಸಿ ಸಾರು ತಂದು ಇಟ್ಟೆ. ನಾನು ಚಪಾತಿ ಮುರಿದೆ, ಎಲ್ಸಿ ಚಮಚ ಎತ್ತಿದಳು. ಬಟ್ಟಲು ಅರ್ಧ ಆಗುವಾಗ ಹೊತ್ತು ಮುಳುಗಿತು. ಮುಳುಗಿತು, ಇನ್ನು ನಾನು ಉಣ್ಣುವ ಹಾಗಿಲ್ಲ ಎಂದು ಎಲ್ಸಿ ಚಮಚ ಕೆಳಗಿಟ್ಟಳು. ನಾಳೆ ಸ್ವಲ್ಪ ಮೊದಲೇ ಕೂರೋಣ ಎಂದೂ ಸೇರಿಸಿದಳು. ನನಗೆ ಆಯಿಯನ್ನು ಅಪ್ಪಿಕೊಳ್ಳಬೇಕೆನಿಸಿತು, ಆಯಿ ಅಲ್ಲಿರಲಿಲ್ಲ.

ಅಂದಿನಿಂದ ನನ್ನ ಊಟದ ಹೊತ್ತೇ ಎಲ್ಸಿಯ ಊಟದ ಹೊತ್ತಾಯಿತು. ಥಂಡಿ ದಾಟಿತು, ಎಲ್ಸಿಯೂ ದಾಟಿದಳು. ಬೇಸಿಗೆಯಲ್ಲಿ ಅವಸರ ಇರಲಿಲ್ಲ. ಆದರೂ ಉಣ್ಣುವ ಮೊದಲು ಇಬ್ಬರೂ ಅಂಗೈ ಎತ್ತಿ ನೋಡುವುದು ಬಿಡಲಿಲ್ಲ. ನಾನು ಉಣ್ಣೆಯ ಕಾಲುಚೀಲದ ಮೇಲೆ ಅಥಣಿಯ ಚಪ್ಪಲಿ ಮೆಟ್ಟಿ ಕಿರ್ ಕಿರ್ ಎನ್ನುತ್ತ ಬರುವುದು ದೂರದಿಂದಲೇ ಎಲ್ಸಿಗೆ ಕೇಳುತ್ತಿತ್ತು. ಚರ್ಮ ಛಲೋದು, ಕಾಲುಚೀಲ ಹೊಲಸು ಎಂದು ಅಭಿಪ್ರಾಯ ಕೊಟ್ಟಳು. ಶೇಂಗಾ ಚಟ್ನಿ ಒಮ್ಮೆ ನೆಕ್ಕಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡು, ನಿಮ್ಮ ಆಯಿ ಸಿಟ್ಟಿನವಳಿರಬೇಕು ಎಂದಳು. ಊಟವಾದ ಮೇಲೆ ಕಂದು ಉಣ್ಣೆಯ ಉಂಡೆ ತೆಗೆದು ಏನೋ ಹೆಣೆಯುತ್ತ ಕೂರುತ್ತಿದ್ದಳು. ಯಾರಿಗೆಂದು ಕೇಳಿದರೆ ನಿನಗಲ್ಲ ಎನ್ನುತ್ತಿದ್ದಳು.

ಕರಾರು ಮುಗಿಯಲು ಬಂದಾಗ ಮುಂದುವರಿಸುತ್ತೀಯೇನು ಎಂದು ಕೇಳಿದರು. ನಾನು ಬೇಡವೆಂದೆ. ದೊಡ್ಡ ಕಾರಣವೇನೂ ಇರಲಿಲ್ಲ. ನನಗೆ ಊರು ಬೇಕಾಗಿತ್ತು, ಕಬ್ಬಿನ ವಾಸನೆ ಬೇಕಾಗಿತ್ತು, ಸರಿಯಾದ ಹೊತ್ತಿಗೆ ಮುಳುಗುವ ಹೊತ್ತು ಬೇಕಾಗಿತ್ತು. ಎಲ್ಸಿಗೆ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಅವಳಿಗೆ ಜೆಸ್ಸಿಯಿಂದ ಗೊತ್ತಾಗಿತ್ತು. ಕೊನೆಯ ದಿನ ಊಟ ಮುಗಿದ ಮೇಲೆ ಆ ಉಣ್ಣೆಯ ವಸ್ತುವನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ನಿಮ್ಮ ಆಯಿಯ ಕಿಟಲಿಗೆ ಎಂದಳು. ನಮ್ಮ ಮನೆಯಲ್ಲಿ ಚಹಾ ಪಾತೇಲಿಯಿಂದ ನೇರ ಬಟ್ಟಲಿಗೆ ಸೋಸುತ್ತಾರೆ, ಕಿಟಲಿ ಅಂಗಡಿಯವರಿಗೆ ಮಾತ್ರ ಎಂದು ನಾನು ಹೇಳಲಿಲ್ಲ.

"ನಾ ಉಣತೀನಿ, ನೀ ಕಾಳಜಿ ಮಾಡಬ್ಯಾಡ" ಎಂದಳು.

ಅವಳು ಉಣ್ಣುವುದಿಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ವಿಮಾನದಲ್ಲಿ ಪಕ್ಕದವನು ನಿದ್ದೆ ಹೋದ ಮೇಲೆ ನಾನು ಲೆಕ್ಕ ಹಾಕುತ್ತ ಕೂತೆ. ಇಷ್ಟು ದಿನ ಪರದೇಶದಲ್ಲಿ ಇದ್ದು ನಾನು ಮಾಡಿದ್ದೇನು? ಗುಳಿಗೆ ಕೊಟ್ಟೆ, ಹಾಸಿಗೆ ಬದಲಿಸಿದೆ, ಮಗ್ಗುಲು ಹೊರಳಿಸಿದೆ. ಅದನ್ನೆಲ್ಲ ನನ್ನ ಜಾಗಕ್ಕೆ ಬರುವವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ಎಲ್ಸಿಯ ಎದುರು ಕೂತು ಉಣ್ಣುವುದು ಯಾವ ಪಾಳಿಯ ಪಟ್ಟಿಯಲ್ಲಿಯೂ ಇರಲಿಲ್ಲ. ಅದನ್ನು ಯಾರಿಗೆ ವಹಿಸಿಕೊಟ್ಟು ಬರಬೇಕಿತ್ತೆಂದು ನನಗೆ ತಿಳಿಯಲೇ ಇಲ್ಲ.

ಊರಿಗೆ ಬಂದು ಹಾರ, ವಿಚಾರಣೆ ಎಲ್ಲ ನಡೆದಿರುವಾಗಲೇ ಜೆಸ್ಸಿಯ ಸಂದೇಶ ಬಂತು. ಎಲ್ಸಿಯ ತಾಟು ಮತ್ತೆ ತುಂಬಿದ್ದು ತುಂಬಿದಂತೆ ವಾಪಸು ಬರುತ್ತಿದೆ, ಎಲ್ಲರೂ ಎದುರು ಕೂತು ನೋಡಿದ್ದಾಯಿತು, ಆಗಲಿಲ್ಲ. ಓದಿದಾಗ ನಾನು ಸಂಜೆಯ ಊಟಕ್ಕೆ ಕೂತಿದ್ದೆ. ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟೆ. ಆಯಿ ತಲೆಯ ಮೇಲೆ ಕಿಟಲಿಯ ಅಂಗಿ ಹಾಕಿಕೊಂಡು ಎದುರಿಗೇ ಕೂತಿದ್ದಳು. ಏನಾಯಿತೆಂದು ಕೇಳಿದಳು. ಹೇಳಿದೆ. ಆಯಿ ತುತ್ತು ನುಂಗಿ, ಅಲ್ಲಿ ಈಗ ಎಷ್ಟು ಹೊತ್ತು ಎಂದು ಕೇಳಿದಳು. ನಾನು ಎಣಿಸಿ ನೋಡಿದೆ. ಇಲ್ಲಿ ಹೊತ್ತು ಮುಳುಗುವ ಮೊದಲಿನ ಊಟ, ಅಲ್ಲಿ ಮಧ್ಯಾಹ್ನದ ತಾಟು ಬರುವ ಹೊತ್ತು. ಎರಡೂ ಒಂದೇ. ಇಷ್ಟು ದಿನ ಎರಡೂ ಕಡೆ ಉಂಡವನು ನಾನು, ನನಗೆ ಅದು ಹೊಳೆದಿರಲಿಲ್ಲ.

"ಮತ್ತ ಹಚ್ಚ ಫೋನ. ನೀ ಯಾಕ ಬಾಯಿ ತಕ್ಕೊಂಡ ಕುಂತಿ?"

ಜೆಸ್ಸಿ ತನ್ನ ಕಡೆಯ ಫೋನನ್ನು ಎಲ್ಸಿಯ ಮೇಜಿನ ಮೇಲೆ ನೀರಿನ ಜಗ್ಗಿಗೆ ಆನಿಸಿ ನಿಲ್ಲಿಸಿದಳು. ಇತ್ತ ನಾನು ಚರಿಗೆಗೆ ಆನಿಸಿ ನಿಲ್ಲಿಸಿದೆ. ಎಲ್ಸಿಗೆ ಮೊದಲು ಕಂಡದ್ದು ಗೊಂಡೆ. ಆಮೇಲೆ ಸೀಳಿನಿಂದ ಹೊರಬಂದ ಎರಡು ಕಿವಿ. ಎಲ್ಸಿ ನಗಲು ಸುರುಮಾಡಿದವಳು ಕೆಮ್ಮು ಬರುವ ತನಕ ನಕ್ಕಳು, ಜೆಸ್ಸಿ ಬೆನ್ನು ತಟ್ಟಬೇಕಾಯಿತು. ಈ ಮುದುಕಿ ಯಾಕೆ ಹೀಗೆ ನಗುತ್ತಾಳೆ ಎಂದು ಆಯಿ ಕೇಳಿದಳು. ಟೊಪ್ಪಿಗೆ ಹೆಣೆದವಳು ಅವಳೇ, ನಿನಗೆ ಒಪ್ಪಿತೆಂದು ಖುಷಿ ಎಂದೆ. ಆಯಿ ಅಂಗೈ ಎತ್ತಿ ತೋರಿಸಿದಳು. ಎಲ್ಸಿ ಅಂಗೈ ಎತ್ತಿದಳು. ಇಬ್ಬರೂ ಉಂಡರು.

ಆಮೇಲೆ ಅದೇ ರೂಢಿಯಾಯಿತು. ಆಯಿಯ ಬಾಯಲ್ಲಿ ಎಲ್ಸಿ ಎಲ್ಸವ್ವ ಆದಳು. ಒಬ್ಬಳದು ಕನ್ನಡ, ನಡುನಡುವೆ ಮರಾಠಿ. ಇನ್ನೊಬ್ಬಳದು ಆ ಬಾಲ ಕಡಿದ ಇಂಗ್ಲಿಷು. ಮೊದಮೊದಲು ನಾನು ಅತ್ತಿತ್ತ ಮಾತು ಸಾಗಿಸುತ್ತಿದ್ದೆ. ಆಮೇಲೆ ಇಬ್ಬರೂ ನನ್ನನ್ನು ಕಾಯುವುದನ್ನೇ ಬಿಟ್ಟರು. ಸೊಂಟದ ನೋವು, ಸೊಸೆಯಂದಿರು, ತೀರಿಹೋದ ಗಂಡಂದಿರು, ಏನು ಮಾತಾಡುತ್ತಿದ್ದರೋ ದೇವರೇ ಬಲ್ಲ. ಅಲ್ಲಿಯ ತಾಟು ಖಾಲಿಯಾಗುತ್ತಿದೆ ಎಂದು ಜೆಸ್ಸಿ ಬರೆಯುತ್ತಿದ್ದಳು. ಕಾಕು ಮಾತ್ರ ಫೋನಿನಲ್ಲಿ ವಾಸನೆ ಬರುವುದಿಲ್ಲವೆಂದು ಬೇಜಾರು ಮಾಡಿಕೊಂಡಳು.

ಮೊನ್ನೆ ಮೊನ್ನೆಯ ಮಾತು. ಸಂಜೆ ಫೋನು ಹಚ್ಚಿದೆ. ಗಂಟೆ ಹೊಡೆಯುತ್ತಲೇ ಇತ್ತು, ಆ ಕಡೆ ಯಾರೂ ಎತ್ತಲಿಲ್ಲ. ಆಯಿ ತಾಟಿನ ಮುಂದೆ ಕೂತು, ಬರುತ್ತಾಳೆ ತಡಿ ಎಂದಳು. ಮತ್ತೆ ಹಚ್ಚಿದೆ. ಅಪ್ಪ ಉಂಡೆದ್ದ, ಅವ್ವ ಉಂಡಳು. ಪಕ್ಕದ ಮನೆಯ ಕೋಳಿಗಳು ಬುಟ್ಟಿ ಸೇರಿದವು. ಅವ್ವ ಬಂದು, ನೀವಾದರೂ ಉಣ್ಣಿರಿ ಎಂದಳು. ಇಬ್ಬರೂ ಕೂಡಿ ಉಣ್ಣುವುದೆಂದು ಕೂತ ಮೇಲೆ ಒಬ್ಬಳೇ ಹೇಗೆ ಉಣ್ಣುವುದು ಎಂದು ಆಯಿ ಅವಳನ್ನೇ ಕೇಳಿದಳು. ನನಗೆ ಗಾಬರಿಯಾಯಿತು. ಎಂಬತ್ತು ದಾಟಿದ ಜೀವ. ನಾನು ಆಯಿಯ ಕೈ ಹಿಡಿದು, ಬಾಗಿಲಿನ ಹೊರಗೆ ಪಡುವಣಕ್ಕೆ ಚಾಚಿ, ಬಗ್ಗಿ ನೋಡಿದೆ.

"ಇಲ್ಲೊಂದ ಕಾಣತೈತಿ ಆಯಿ. ಉಣ್ಣು."

ಆಯಿ ತನ್ನ ಅಂಗೈ ನೋಡಿಕೊಂಡಳು, ಆಮೇಲೆ ನನ್ನ ಮುಖ ನೋಡಿದಳು. "ನನಗ ಕಾಣವಲ್ಲದು, ಬಾಳಾ" ಎಂದು ಹೇಳಿ ರೊಟ್ಟಿಯ ಬುಟ್ಟಿಗೆ ಮುಚ್ಚಳ ಮುಚ್ಚಿದಳು.

ಅಂದು ಎಲ್ಸಿಗೆ ನೆಗಡಿ ಬಂದು, ಕೋಣೆಯಿಂದ ಹೊರಗೆ ಬರಲು ಒಪ್ಪದೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳೆಂದು ಆಮೇಲೆ ಜೆಸ್ಸಿ ತಿಳಿಸಿದಳು. ಏನೂ ತಿಂದಿರಲಿಲ್ಲ. ಒಬ್ಬ ಮುದುಕಿಯ ಊಟದ ಕಾಳಜಿ ಮಾಡಲು ಹೋಗಿ ಇಬ್ಬರು ಮುದುಕಿಯರನ್ನು ಉಪವಾಸ ಕೆಡವಿದ ನರ್ಸು ನಾನೊಬ್ಬನೇ ಇರಬೇಕು. ಅಂದು ನನಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಹೊತ್ತಿಗೆ ಮೊದಲೇ ಹಚ್ಚಿದೆ. ಎಲ್ಸಿ ಮೇಜಿನ ಹತ್ತಿರ ಇದ್ದಳು, ಮೂಗು ಕೆಂಪಾಗಿತ್ತು, ಮುಖ ಸಣ್ಣದಾಗಿತ್ತು. ಸಾರಿನ ಬಟ್ಟಲು ಅವಳ ಮುಂದಿರಲಿಲ್ಲ, ಪಕ್ಕಕ್ಕೆ ಸರಿದಿತ್ತು. ಹಸಿವಿಲ್ಲ, ನಿಮ್ಮ ಆಯಿಗೆ ಉಣ್ಣಲು ಹೇಳು ಎಂದಳು. ನಾನು ಹೇಳುವ ಮೊದಲೇ ಆಯಿ ಟೊಪ್ಪಿಗೆ ಸರಿಮಾಡಿಕೊಂಡು ಫೋನಿನ ಹತ್ತಿರ ಬಗ್ಗಿದಳು. ದನಿ ಏರಿಸಲಿಲ್ಲ.

"ಎಲ್ಸವ್ವಾ, ನಿನ್ನಿ ನೀ ಬರಲಿಲ್ಲಂತ ನಾನೂ ಉಂಡಿಲ್ಲ. ಇವತ್ತ ನೀ ಉಣ್ಣಲಿಲ್ಲಂದ್ರ ಇವತ್ತೂ ಉಣ್ಣಾಂಗಿಲ್ಲ. ನನಗ ಉಪಾಸ ರೂಢಿ ಐತಿ. ನೋಡ ನೀ ಏನ ಮಾಡತಿ."

ಏನು ಹೇಳಿದಳೆಂದು ಎಲ್ಸಿ ನನ್ನನ್ನು ಕೇಳಿದಳು. ಒಂದು ಮಾತೂ ಬಿಡದೆ ಹೇಳಿದೆ. ಎಲ್ಸಿ ಮೂಗು ಒರೆಸಿಕೊಂಡಳು.

"ನನ್ನ ಸಲುವಾಗೇನ?"

"ಹೌದ್ರಿ. ನಿಮ್ಮ ಸಲುವಾಗೇ."

ಅಲ್ಲಿ ಇನ್ನೂ ಹೊತ್ತು ಇದೆಯೇನು ಎಂದು ಕೇಳಿದಳು. ನಾನು ಫೋನು ಎತ್ತಿಕೊಂಡು ಅಂಗಳಕ್ಕೆ ಹೋಗಿ ತೋರಿಸಿದೆ. ಹೊತ್ತು ಹೊಳೆಯಾಚೆ, ಕಬ್ಬಿನ ಮೇಲೆ ಇನ್ನೂ ಒಂದು ಗೇಣು ಇತ್ತು. ತಿರುಗಿ ಬಂದು ಫೋನನ್ನು ಚರಿಗೆಗೆ ಆನಿಸಿದಾಗ ಆಯಿ ಅಂಗೈ ಎತ್ತಿಕೊಂಡೇ ಕೂತಿದ್ದಳು. ಎಲ್ಸಿ ತನ್ನ ಅಂಗೈ ಎತ್ತಿ ಒಮ್ಮೆ ನೋಡಿಕೊಂಡು, ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಚಮಚ ಬಾಯಿಗೆ ಹೋಗುವ ತನಕ ಆಯಿ ನೋಡುತ್ತಿದ್ದಳು.

ಆಮೇಲೆ ರೊಟ್ಟಿ ಮುರಿದಳು.